ಗಿರಾಕಿಗಳಿಲ್ಲದ ಸಂತೆ

ಉದ್ದ 90 ಸೆಂಟಿಮೀಟರ್, ಅಗಲ 45. ಮಡಚುವ ಮೇಜೊಂದರ ಅರ್ಧ ಭಾಗ, ಹಿಂದೆ ಎರಡು ಕುರ್ಚಿ. ಟೋಕಿಯೊದ ಕಾಮಿಕ್ ಮಾರ್ಕೆಟ್‌ನಲ್ಲಿ ತಾವೇ ಮಾಡಿದ ಪುಸ್ತಕ ಮಾರಲು ಒಂದು ತಂಡಕ್ಕೆ ಸಿಗುವ ಜಾಗ ಇಷ್ಟೇ. ಇಷ್ಟಕ್ಕೆ, ಆ ಊರಿನಲ್ಲೇ ನೌಕರಿಯಲ್ಲಿರುವ ನನ್ನ ಅಕ್ಕನ ಮಗಳು ಫೆಬ್ರುವರಿಯಲ್ಲೇ ಅರ್ಜಿ ಹಾಕಿ ಕೂತಿದ್ದಳು. ಜೂನ್‌ನಲ್ಲಿ ಲಾಟರಿಯ ಫಲಿತಾಂಶ ಬಂದ ದಿನ ನಸುಕಿನಲ್ಲೇ ಬಾಗಲಕೋಟೆಯ ನಮ್ಮ ಮನೆಗೆ ಫೋನು. ನೌಕರಿ ಸಿಕ್ಕಾಗಲೂ ಆ ಹುಡುಗಿ ಇಷ್ಟು ಕುಣಿದಿರಲಿಲ್ಲ.

"ಚಿಗವ್ವ, ಜಾಗಾ ಸಿಕ್ತು! ಆಗಸ್ಟ್‌ನಾಗ ನೀ ಹೆಂಗೂ ಬರ್ತೀಯಲ್ಲ, ಮೂರನೇ ಪಾಸು ನಿನಗ. ಬರೂಮುಂದ ಎರಡು ಖಣ ತಗೊಂಡ ಬಾ, ಮೇಜಿನ ಮ್ಯಾಲ ಹಾಸಾಕ."

ಒಂದು ತಂಡಕ್ಕೆ ಮೂರು ಪಾಸು. ಆಕೆಯದು ಇಬ್ಬರದೇ ತಂಡ: ಬರೆಯುವವಳು ಈಕೆ, ಚಿತ್ರ ಬಿಡಿಸುವವಳು ಆಫೀಸಿನ ಗೆಳತಿ, ಜಪಾನಿನವಳೇ. ಪುಸ್ತಕ ಟೋಕಿಯೊದ ದೋಸೆಗಳ ಬಗ್ಗೆ. ನಗಬೇಡಿ, ನಾನು ಆಗಲೇ ನಕ್ಕು ಬೈಸಿಕೊಂಡಿದ್ದೇನೆ. ಆ ಊರಿನಲ್ಲಿ ದಕ್ಷಿಣ ಭಾರತದ ಊಟದ ಹೋಟೆಲುಗಳು ಈಗ ಬೇಕಾದಷ್ಟಿವೆ, ಅವುಗಳಿಗೆ ಹೋಗಿ ಕೂತು ತಿಂದು, ಅಳತೆ ತೆಗೆದು, ಚಟ್ನಿಯ ಬಣ್ಣ ಬರೆದುಕೊಂಡು, 28 ಪುಟದ ಪುಸ್ತಕ ಮಾಡಿದ್ದಾರೆ. ನಡುವಿನ ಪುಟದಲ್ಲಿ ಚಳಿಗಾಲದಲ್ಲಿ ಹಿಟ್ಟು ಹುದುಗಿಸುವ ಉಪಾಯ ಚಿತ್ರಸಮೇತ ಇದೆ. ಜಪಾನಿನ ಮನೆಗಳಲ್ಲಿ ಕೊತಾತ್ಸು ಎಂಬ ಗಿಡ್ಡ ಮೇಜು ಇರುತ್ತದೆ. ಅದರ ಅಡಿಗೆ ವಿದ್ಯುತ್ ಒಲೆ, ಮೇಲೆ ಹಾಸಿದ ದಪ್ಪ ಕೌದಿ. ಮನೆಮಂದಿಯೆಲ್ಲ ಅದರೊಳಗೆ ಕಾಲು ಚಾಚಿ ಕೂರುತ್ತಾರೆ. ಆ ಕಾಲುಗಳ ನಡುವೆ ಹಿಟ್ಟಿನ ಪಾತ್ರೆ! ಗೆಳತಿ ಆ ಚಿತ್ರವನ್ನು ಎಷ್ಟು ಚೆಂದ ಬರೆದಿದ್ದಾಳೆಂದರೆ, ಉಬ್ಬಿದ ಹಿಟ್ಟು ಮುಚ್ಚಳ ಎತ್ತಿ ಇಣುಕುತ್ತಿದೆ, ಪಕ್ಕದಲ್ಲಿ ಬೆಕ್ಕು ಅದನ್ನೇ ಅನುಮಾನದಿಂದ ನೋಡುತ್ತಿದೆ.

ಹೀಗೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ತೆಳು ಪುಸ್ತಕಗಳಿಗೆ ಅಲ್ಲಿ ದೋಜಿನ್‌ಶಿ ಎನ್ನುತ್ತಾರೆ. ನಮ್ಮ ಹಾಸ್ಟೆಲುಗಳಲ್ಲಿ ಹಿಂದೆ ಕೈಬರಹದ ಪತ್ರಿಕೆ ತರುತ್ತಿದ್ದೆವಲ್ಲ, ಒಂದೇ ಪ್ರತಿ, ಕೋಣೆಯಿಂದ ಕೋಣೆಗೆ ಹರಿದಾಡಿ ಮೂಲೆ ಜೂಲಾಗುವ ಪತ್ರಿಕೆ, ಅದರ ಉಮೇದೇ ಇದು. ವ್ಯತ್ಯಾಸ ಪ್ರಮಾಣದಲ್ಲಿ. ನಮ್ಮದು ಡಿಗ್ರಿ ಮುಗಿದೊಡನೆ ಮುಗಿಯಿತು. ಅವರದು 1975ರ ಡಿಸೆಂಬರ್ 21ರಂದು ಟೋಕಿಯೊದ ತೋರಾನೊಮೊನ್ ಪ್ರದೇಶದ ಒಂದು ಸಭಾಭವನದಲ್ಲಿ 32 ತಂಡ, ಸುಮಾರು 700 ಜನರೊಂದಿಗೆ ಶುರುವಾಗಿ ಇನ್ನೂ ಮುಗಿದಿಲ್ಲ. ಆಗ ನಡೆಯುತ್ತಿದ್ದ ಬೇರೊಂದು ಮಾಂಗಾ, ಅಂದರೆ ಜಪಾನೀ ಚಿತ್ರಕಥೆಗಳ, ಸಮ್ಮೇಳನ, ತನ್ನನ್ನು ಟೀಕಿಸಿದವರೊಬ್ಬರಿಗೆ ಪ್ರವೇಶ ನಿರಾಕರಿಸಿತು. ಆ ಸಿಟ್ಟಿಗೆ 'ಮೇಯಿಕ್ಯೂ' ಎಂಬ ಪುಟ್ಟ ವಿಮರ್ಶಕರ ಬಳಗ ತನ್ನದೇ ಕೂಟ ಕಟ್ಟಿತು. ಆ ಬಳಗದ ಯೋಶಿಹಿರೊ ಯೊನೆಜಾವಾ 1980ರಿಂದ 2006ರಲ್ಲಿ ತೀರಿಕೊಳ್ಳುವವರೆಗೂ ಅದರ ಮುಖ್ಯಸ್ಥರಾಗಿದ್ದರು. ಮೊದಲ ವರ್ಷ ಬಂದವರಲ್ಲಿ ಬಹುಪಾಲು ಶಾಲಾ ಹುಡುಗಿಯರು, ಹುಡುಗಿಯರಿಗೆಂದೇ ಬರುತ್ತಿದ್ದ ಚಿತ್ರಕಥೆಗಳ ಹುಚ್ಚು ಹಿಡಿದವರು. 2019ರ ಡಿಸೆಂಬರ್ ಹೊತ್ತಿಗೆ ತಂಡಗಳು ಸುಮಾರು 32 ಸಾವಿರ, ನಾಲ್ಕು ದಿನಕ್ಕೆ ಬಂದವರು ಏಳೂವರೆ ಲಕ್ಷ! ಆಮೇಲೆ ಕೋವಿಡ್ ಬಂತು, ಟಿಕೆಟ್ಟು ಬಂತು, ದಿನ ಎರಡಕ್ಕಿಳಿಯಿತು. ನಾನು ಹೋದದ್ದು 2024ರ ಆಗಸ್ಟ್ 11ರಂದು, 104ನೇ ಕಾಮಿಕ್ ಮಾರ್ಕೆಟ್‌ನ ಮೊದಲ ದಿನ. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಸುಡುವ ಆಗಸ್ಟ್‌ನಲ್ಲೊಮ್ಮೆ, ಕೊರೆಯುವ ಡಿಸೆಂಬರ್ ಕೊನೆಗೊಮ್ಮೆ. ಹಿತವಾದ ಹವೆಯ ತಿಂಗಳುಗಳನ್ನು ಹುಡುಕಿ ಹುಡುಕಿ ಬಿಟ್ಟಂತಿದೆ.

ಸಾಮಾನು ಹೊಂದಿಸುವ ಕೆಲಸ ಒಂದು ವಾರದಿಂದ ನಡೆದಿತ್ತು. ಆಕೆಯಿರುವ ನಿಶಿ ಕಸಾಯಿ ನಮ್ಮ ದೇಶದವರು ಸಾಕಷ್ಟಿರುವ ಬಡಾವಣೆ. ಆ ಪುಟ್ಟ ಮನೆಯ ನೆಲದ ತುಂಬ ಚೀಲ, ಪಟ್ಟಿ, ರಟ್ಟು. ಎಲ್ಲಕ್ಕಿಂತ ಜೋಪಾನ ಚಿಲ್ಲರೆಯ ಡಬ್ಬಿ. ಅಲ್ಲಿ ಬ್ಯಾಂಕಿನವರು ಚಿಲ್ಲರೆ ಕೊಡಲೂ ಶುಲ್ಕ ಕೇಳುತ್ತಾರೆ, ಹಾಗಾಗಿ ಮೇ ತಿಂಗಳಿಂದ ಅಂಗಡಿಗೆ ಹೋದಾಗಲೆಲ್ಲ ನೋಟು ಕೊಟ್ಟು 500 ಮತ್ತು 100 ಯೆನ್‌ನ ನಾಣ್ಯ ಕೂಡಿಸಿದ್ದಾಳೆ. ಪುಸ್ತಕದ ಬೆಲೆ 500. ಕೊಳ್ಳುವವರು ಒಂದೇ ನಾಣ್ಯ ಕೊಟ್ಟು ಒಯ್ಯುವಂತಿರಬೇಕು, ಎದುರಿಗಿದ್ದವರನ್ನು ಚಿಲ್ಲರೆಗೆ ಕಾಯಿಸುವುದು ಆ ಲೋಕದಲ್ಲಿ ಘೋರ ಅಪಚಾರ. ಇನ್ನೊಂದು ಚೀಲದಲ್ಲಿ ಬಿಸಿಲಿನ ವಿರುದ್ಧದ ಯುದ್ಧಸಾಮಗ್ರಿ. ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿದ ನೀರಿನ ಬಾಟಲಿ, ಕೊರಳಿಗೆ ಸುತ್ತುವ ಒದ್ದೆ ಟವೆಲ್ಲು, ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನು, ಉಪ್ಪು ಬೆರೆಸಿದ ಪೆಪ್ಪರಮಿಂಟು. ನಾನು ಊರಿನಿಂದ ತಂದ ಛತ್ರಿ ಎತ್ತಿಕೊಂಡರೆ ತಡೆದಳು.

"ಛತ್ರಿ ಬ್ಯಾಡ. ಸಾಲಿನ್ಯಾಗ ಬಿಚ್ಚಿದ್ರ ಹಿಂದಿನವರ ಕಣ್ಣಿಗೆ ತಾಗತೈತಿ. ಟೊಪಗಿ ಹಾಕ್ಕೊ."

"ಈ ವಯಸ್ಸಿನ್ಯಾಗ ನನಗ ಟೊಪಗಿ ಏನವಾ?"

"ಅಲ್ಲಿ ಯಾರು ಏನು ಹಾಕ್ಕೊಂಡಿರತಾರ ನೋಡಿದ ಮ್ಯಾಲ ನೀ ಹಿಂಗ ಕೇಳಾಂಗಿಲ್ಲ."

ಸಭಾಂಗಣದ ಕಟ್ಟಡವನ್ನು ಹಿಂದಿನ ದಿನವೇ ಕಣ್ತುಂಬ ನೋಡಿಕೊಂಡಿದ್ದೆ. ಮರುದಿನ ತಲೆಯೆತ್ತಿ ನೋಡಲು ಪುರುಸೊತ್ತಿರುವುದಿಲ್ಲ ಎಂದು ಶಿಂಬಾಶಿಯಿಂದ ಯುರಿಕಾಮೊಮೆ ರೈಲಿನಲ್ಲಿ ಕರೆದೊಯ್ದಿದ್ದಳು. ಚಾಲಕನಿಲ್ಲದ ರೈಲು. ಮುಂದಿನ ಸೀಟಿನಲ್ಲಿ ಗಾಜಿಗೆ ಮೂಗು ಹಚ್ಚಿ ಕೂತಿದ್ದ ಮಕ್ಕಳ ಹಿಂದೆ ನಾನೂ ನಿಂತೆ. ಕಟ್ಟಡಗಳ ನಡುವೆ ರಬ್ಬರ್ ಗಾಲಿಯ ಮೇಲೆ ಸರಿಯುತ್ತ, ರೇನ್‌ಬೋ ಬ್ರಿಜ್ ಏರುವ ಮೊದಲು ಅದು ದೊಡ್ಡದೊಂದು ಸುತ್ತು ತಿರುಗುತ್ತದೆ. ತಿರುವಿನಲ್ಲಿ ಊರು, ಬಂದರು, ಸಮುದ್ರ ಒಂದಾದ ಮೇಲೊಂದು ಕಿಟಕಿಗೆ ಬರುತ್ತವೆ. ಆಚೆ ದಡದ ನೆಲವೆಲ್ಲ ಸಮುದ್ರ ತುಂಬಿಸಿ ಮಾಡಿದ್ದು. ಅಲ್ಲಿದೆ ಟೋಕಿಯೊ ಬಿಗ್ ಸೈಟ್. 1996ರಲ್ಲಿ ತೆರೆದ ಈ ಪ್ರದರ್ಶನ ಕೇಂದ್ರದ ಗೋಪುರವೆಂದರೆ ತಲೆಕೆಳಗಾದ ನಾಲ್ಕು ಪಿರಮಿಡ್ಡು, ಮೈಗೆ ಟೈಟಾನಿಯಂ ಹೊದಿಕೆ. ಅಗಲ ಮೇಲೆ, ಚೂಪು ಕೆಳಗೆ. ಅದರಡಿ ಹಾಯುವಾಗ ಅಷ್ಟು ಭಾರ ನೆತ್ತಿಯ ಮೇಲೆ ತೂಗುತ್ತಿದೆ ಎಂಬ ಅಳುಕು ಬಿಡುವುದಿಲ್ಲ. ಹತ್ತಿರದಲ್ಲೇ ಕ್ಲೇಸ್ ಓಲ್ಡನ್‌ಬರ್ಗ್ ಮತ್ತು ಕೂಶೆ ವಾನ್ ಬ್ರೂಗನ್ ಮಾಡಿದ ಕೆಂಪು ಹಿಡಿಯ ಗರಗಸವೊಂದು ನೆಲಕ್ಕೆ ನಾಟಿಕೊಂಡು ನಿಂತಿದೆ, ಎತ್ತರ 15 ಮೀಟರಿಗೂ ಹೆಚ್ಚು. ಭೂಮಿಯನ್ನೇ ಕೊಯ್ಯಲು ಶುರುಮಾಡಿದ ಬಡಿಗ ಚಹಾ ಕುಡಿಯಲು ಹೋಗಿದ್ದಾನೆ ಎನ್ನುವಂತೆ.

ಮರುದಿನ ಬೆಳಿಗ್ಗೆ ರಿಂಕಾಯಿ ಮಾರ್ಗದ ರೈಲು ಹಿಡಿದೆವು. ವಾಪಸು ಬರುವ ಟಿಕೆಟ್ಟಿನ ಹಣವನ್ನೂ ಹಿಂದಿನ ದಿನವೇ ಕಾರ್ಡಿಗೆ ತುಂಬಿಸಿದ್ದಳು. ಸಂಜೆ ಸಾವಿರಾರು ಜನ ಒಟ್ಟಿಗೆ ನಿಲ್ದಾಣಕ್ಕೆ ನುಗ್ಗುವಾಗ ಗೇಟಿನಲ್ಲಿ ಒಬ್ಬರ ಕಾರ್ಡು ಖಾಲಿಯಾದರೂ ಹಿಂದೆ ನಿಂತವರೆಲ್ಲ ಸಿಕ್ಕಿಬೀಳುತ್ತಾರಂತೆ. ಬೋಗಿಯ ತುಂಬ ಜನ, ಎಲ್ಲರ ಬೆನ್ನಿಗೂ ಚೀಲ. ಒಬ್ಬರೂ ಮಾತಾಡುವುದಿಲ್ಲ. ನಿಲ್ದಾಣದಿಂದ ಹೊರಬಿದ್ದ ಮೇಲೆ ನಾವು ತಂಡದವರ ಬಾಗಿಲಿಗೆ ಹೊರಳಿದೆವು. ಮಿಕ್ಕವರು ಬಿಸಿಲಿಗೆ ನಡೆದರು, ಸಾಲಿಗೆ.

ಆ ಸಾಲನ್ನು ಮೇಲಿನ ಕಿಟಕಿಯಿಂದ ನೋಡಿದೆ. ಇದುವರೆಗೆ ಜನಜಂಗುಳಿ ಎಂದು ಯಾವುದನ್ನು ಕರೆಯುತ್ತಿದ್ದೆನೋ ಅದಕ್ಕೆ ಬೇರೆ ಹೆಸರು ಹುಡುಕಬೇಕು ಅನ್ನಿಸಿತು. ವಾಹನ ನಿಲ್ಲಿಸುವ ಬಯಲಿನ ತುಂಬ ಜನರ ಚೌಕಗಳು. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ನಡೆದಾಡುವಷ್ಟು ದಾರಿ, ಅಂಚು ದಾರ ಹಿಡಿದು ಎಳೆದಷ್ಟು ನೇರ. ಸ್ವಯಂಸೇವಕನೊಬ್ಬ ಕೈಯೆತ್ತಿ ನಡೆದರೆ ಒಂದು ಚೌಕ ಎದ್ದು ನಿಲ್ಲುತ್ತದೆ, ಅವನ ಹಿಂದೆ ಸರಿದು ಮುಂದಿನ ಖಾಲಿ ಜಾಗದಲ್ಲಿ ಕೂರುತ್ತದೆ. ಓಟವಿಲ್ಲ, ನೂಕಾಟವಿಲ್ಲ. ರಾತ್ರಿಯೆಲ್ಲ ಬಂದು ಕಾಯುವುದಕ್ಕೆ ನಿಷೇಧವಿದೆ, ಆದರೂ ಹುಚ್ಚರು ಮೊದಲ ರೈಲಿಗೇ ಬಂದಿರುತ್ತಾರೆ. ಇದನ್ನೆಲ್ಲ ನಡೆಸುವ ಸುಮಾರು ಮೂರು ಸಾವಿರ ಮಂದಿಗೆ ಸಂಬಳವಿಲ್ಲ. ಅವರೂ ಇದೇ ಗೀಳಿನವರು, ರಜೆ ಹಾಕಿ ಬಂದು ಬಿಸಿಲಿನಲ್ಲಿ ನಿಲ್ಲುತ್ತಾರೆ.

ಒಳಗೆ ನಮ್ಮ ಜಾಗ ಹುಡುಕಿದೆವು. ಅಕ್ಷರವೊಂದು, ಅಂಕೆಯೊಂದು, ಕೊನೆಗೆ ಎ ಅಥವಾ ಬಿ, ಮೇಜಿನ ಎಡಬಲ. ಅಷ್ಟು ಸಾವಿರ ಮೇಜುಗಳಲ್ಲಿ ನಮ್ಮ ಅರ್ಧ ಮೇಜಿನ ಕೆಳಗೆ ನಮ್ಮ ಪುಸ್ತಕದ ರಟ್ಟಿನ ಪೆಟ್ಟಿಗೆ ಆಗಲೇ ಬಂದು ಕೂತಿತ್ತು. ಮುದ್ರಣಾಲಯದವರು ನೇರ ಮೇಜಿಗೇ ತಲುಪಿಸುತ್ತಾರೆ. ಆಕೆ ಪೆಟ್ಟಿಗೆಯ ಟೇಪು ಸೀಳಿದ ಕ್ಷಣ ನಾನು ಅವಳ ಮುಖ ನೋಡುತ್ತಿದ್ದೆ. ಕಚೇರಿ ಕೆಲಸ ಮುಗಿಸಿ ರಾತ್ರಿ ಎರಡರವರೆಗೆ ಕೂತು ಬರೆದದ್ದು ಅಚ್ಚಾಗಿ ಕಣ್ಣೆದುರು ಬರುವುದು ಅದೇ ಮೊದಲು. ಮೇಲಿನ ಪ್ರತಿ ಎತ್ತಿ, ಬಿಡಿಸುವ ಮೊದಲೇ ಮೂಗಿಗೆ ಹಿಡಿದಳು. ಗೆಳತಿಯೂ ಮೂಸಿದಳು. ನನಗೂ ಕೊಟ್ಟರು.

ಖಣ ಹಾಸಿದೆವು. ಎರಡನ್ನು ಜೋಡಿಸಿ ಊರಲ್ಲೇ ಹೊಲಿಸಿ ತಂದಿದ್ದೆ. ಮೇಜಿನ ಮುಂಭಾಗಕ್ಕೆ ಇಳಿಬಿದ್ದ ಕಡುಗೆಂಪು ನೇಯ್ಗೆಯನ್ನು ನೋಡಲು ಅಕ್ಕಪಕ್ಕದವರು ಬಗ್ಗಿದರು. ಬಾಗಿಲು ತೆರೆಯುವ ಮೊದಲು ನೆರೆಯವರಿಗೆ ವಂದಿಸಿ, ತಂದ ತಿಂಡಿ ಹಂಚಿ, ಪುಸ್ತಕ ಬದಲಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ನಾನು ಅಮೀನಗಡದ ಕರದಂಟಿನ ತುಂಡುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ತಂದಿದ್ದೆ. ಬಲಗಡೆಯ ಮೇಜಿನಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಪುಸ್ತಕ ರೈಲು ನಿಲ್ದಾಣಗಳಲ್ಲಿರುವ ಕುಡಿಯುವ ನೀರಿನ ನಲ್ಲಿಗಳ ಮೇಲೆ. ನಲ್ಲಿಗಳ ಮೇಲೆ! ಫೋಟೊ, ಹಾಕಿಸಿದ ವರ್ಷ, ಒತ್ತಿದರೆ ನೀರು ಎಷ್ಟು ಎತ್ತರ ಚಿಮ್ಮುತ್ತದೆ ಎಂಬ ಸೆಂಟಿಮೀಟರ್ ಲೆಕ್ಕ. ಕರದಂಟನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ಜಗಿದು, ಅಂಟು ಹಲ್ಲಿಗೆ ಹತ್ತಿದ್ದನ್ನು ಬಿಡಿಸಿಕೊಳ್ಳುತ್ತ, ಇದರಲ್ಲೇನೇನಿದೆ ಎಂದು ಅಕ್ಕನ ಮಗಳನ್ನು ಕೇಳಿ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಸ್ವಯಂಸೇವಕಿಯೊಬ್ಬಳು ಬಂದು ಹೊಸ ಪುಸ್ತಕದ ಒಂದು ಪ್ರತಿ ಇಸಿದುಕೊಂಡು, ಪುಟ ತಿರುವಿ ನೋಡಿ, ಅಂಟಿಸಿದ ಚೀಟಿ ಸರಿಯಿದೆಯೆಂದು ತಲೆಯಾಡಿಸಿ ಹೋದಳು. ಅಲ್ಲಿಗೆ ಬರುವ ಪ್ರತಿ ಹೊಸ ಪುಸ್ತಕದ ಒಂದು ಪ್ರತಿ ಸಂಘಟಕರಿಗೆ ಹೋಗಬೇಕು, ಅವರು ಅದನ್ನು ಕಾದಿಡುತ್ತಾರೆ. ಯೊನೆಜಾವಾ ತಮ್ಮ ಬದುಕಿಡೀ ಕೂಡಿಸಿದ ಪುಸ್ತಕರಾಶಿಯನ್ನು ಆಧರಿಸಿ ಮೈಜಿ ವಿಶ್ವವಿದ್ಯಾಲಯ 2009ರಲ್ಲಿ ಅವರದೇ ಹೆಸರಿನ ಗ್ರಂಥಾಲಯ ತೆರೆದಿದೆ. ಯಾವ ಅಂಗಡಿಯೂ ಮಾರದ, ಯಾವ ಪತ್ರಿಕೆಯೂ ವಿಮರ್ಶಿಸದ ಬರಹವನ್ನು ಹೀಗೆ ಒಂದೊಂದಾಗಿ ಎತ್ತಿಡುವ ಹಟ ಯಾರಿಗಿದೆ ಹೇಳಿ. ಕೊತಾತ್ಸುವಿನೊಳಗಿನ ದೋಸೆಹಿಟ್ಟಿಗೂ ಅಲ್ಲಿ ಒಂದು ಜಾಗ ಸಿಕ್ಕಿತು.

ಹತ್ತೂವರೆಗೆ ಧ್ವನಿವರ್ಧಕ ಮಾತಾಡಿತು. ಮೇಳ ಶುರುವಾಯಿತು ಎಂಬಷ್ಟೇ ಮಾತು. ಒಡನೆ ಚಪ್ಪಾಳೆ. ಕೂತವರೆಲ್ಲ ಎದ್ದು ನಿಂತು ತಟ್ಟುತ್ತಿದ್ದಾರೆ, ನಲ್ಲಿಯ ಹಿರಿಯರು ತಟ್ಟುತ್ತಿದ್ದಾರೆ, ಸ್ವಯಂಸೇವಕರು ತಟ್ಟುತ್ತಿದ್ದಾರೆ, ಹೊರಗೆ ಬಿಸಿಲಿನಲ್ಲಿ ಕಾದವರ ಚಪ್ಪಾಳೆ ಷಟರಿನಾಚೆಯಿಂದ ಒಳಗೆ ಬಂದು ಸೇರಿತು. ವೇದಿಕೆಯಿಲ್ಲ, ಉದ್ಘಾಟಕರಿಲ್ಲ, ದೀಪ ಬೆಳಗುವವರಿಲ್ಲ, ಸ್ವಾಗತಭಾಷಣವಿಲ್ಲ. ಹಾಗಾದರೆ ಯಾರಿಗೆ ಈ ಚಪ್ಪಾಳೆ? ಆಕೆಯನ್ನು ಕೇಳಿದೆ. "ನಮಗ ನಾವ ಹೊಡಕೊಳ್ಳೂದು ಚಿಗವ್ವ" ಅಂದಳು, ತಟ್ಟುವುದನ್ನು ನಿಲ್ಲಿಸದೆ. ಇಲ್ಲಿ ಗಿರಾಕಿ ಎಂಬವರೇ ಇಲ್ಲ ಎನ್ನುವುದು ಸಂಘಟಕರು ಮೊದಲಿಂದ ಹಿಡಿದುಕೊಂಡು ಬಂದ ತತ್ವ. ಪುಸ್ತಕ ಮಾಡಿದವರು, ಕೊಳ್ಳುವವರು, ಸಾಲು ನಡೆಸುವವರು, ಮೂವರೂ ಪಾಲುದಾರರು, ಒಬ್ಬರು ಇನ್ನೊಬ್ಬರಿಗೆ ಸೇವೆ ಸಲ್ಲಿಸಲು ಬಂದವರಲ್ಲ. ಸಮಾರಂಭಗಳ ಊರಿನಿಂದ ಹೋದ ನನಗೆ ಮೊದಲು ಇದು ಬರೀ ಮಾತೆನ್ನಿಸಿತ್ತು.

ಮೊದಲ ಅರ್ಧ ಗಂಟೆ ನಮ್ಮ ಮೇಜಿನತ್ತ ಯಾರೂ ಸುಳಿಯಲಿಲ್ಲ. ಜನ ಮೊದಲು ಓಡುವುದು, ಓಡುವುದಲ್ಲ, ಓಡಬಾರದು, ದಾಪುಗಾಲು ಹಾಕುವುದು, ಗೋಡೆಗಳ ಕಡೆಗೆ. ಹೆಸರಾದ ತಂಡಗಳಿಗೆ ಗೋಡೆಯ ಪಕ್ಕ ಜಾಗ ಕೊಡುತ್ತಾರೆ, ಅವರ ಮುಂದೆ ಬೆಳೆಯುವ ಸಾಲನ್ನು ಷಟರಿನ ಮೂಲಕ ಹೊರಗೆ ಹರಿಸಬಹುದೆಂದು. ನಮ್ಮಂಥವರದು ನಡುವಿನ ಸಾಲುಮೇಜು. ಆಮೇಲೆ ಒಬ್ಬ ಯುವಕ ನಿಂತ. ಒಂದು ಪ್ರತಿ ನೋಡಲೇ ಎಂದು ಕೇಳಿ, ಎರಡು ಕೈಯಲ್ಲಿ ಎತ್ತಿಕೊಂಡು, ನಿಂತಲ್ಲೇ ಪೂರ್ತಿ ಏಳೆಂಟು ಪುಟ ಓದಿದ. ಹಿಂದಿರುಗಿಸುತ್ತಾನೆಂದು ನಾನು ಆಸೆ ಬಿಟ್ಟಿದ್ದೆ. ಅವನು ಕಿಸೆಯಿಂದ 500ರ ನಾಣ್ಯ ತೆಗೆದು ತಟ್ಟೆಯಲ್ಲಿಟ್ಟು, ಮನೆಯಲ್ಲಿ ಮೂರು ಸಲ ಹಿಟ್ಟು ರುಬ್ಬಿದರೂ ಹುಳಿ ಬರಲಿಲ್ಲ, ಉಪ್ಪು ಮೊದಲೇ ಹಾಕಬೇಕೋ ಆಮೇಲೋ ಎಂದು ಕೇಳಿದ. ಅಕ್ಕನ ಮಗಳು ನನ್ನತ್ತ ಕೈ ತೋರಿಸಿ ಏನೋ ಹೇಳಿದಳು. ಅವನು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಅಲ್ಲಿಂದ ಮುಂದೆ ನಾನು ದೋಸೆಯ ವಿಷಯದಲ್ಲಿ ಕೊನೆಯ ಮಾತು ಹೇಳುವ ಪಂಡಿತೆಯಾಗಿ ಕುರ್ಚಿಯಲ್ಲಿ ಕೂತೆ, ಆಕೆ ಅನುವಾದಕಿ. ಮೆಂತ್ಯ ಎಷ್ಟು, ಅವಲಕ್ಕಿ ಸಿಗದಿದ್ದರೆ ಅನ್ನ ಹಾಕಬಹುದೇ, ಹಂಚಿಗೆ ಉಳ್ಳಾಗಡ್ಡಿ ತಿಕ್ಕುವುದು ಯಾಕೆ. ಇಷ್ಟು ಗೌರವದಿಂದ ನನ್ನ ಅಡುಗೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಮಧ್ಯಾಹ್ನ ಕೈಗೊಂದು ನಕಾಶೆ ಕೊಟ್ಟು ನನ್ನನ್ನು ತಿರುಗಾಡಲು ಬಿಟ್ಟರು. ಯಾವ ಮೇಜಿಗೆ ಹೋಗಿ ಏನು ಕೊಳ್ಳಬೇಕೆಂದು ಬಣ್ಣದಲ್ಲಿ ಗುರುತು ಹಾಕಿತ್ತು, ಒಂದು ಭಾಗವನ್ನು ಮಾತ್ರ ಕಪ್ಪು ಪೆನ್ನಿನಲ್ಲಿ ಕಾಟು ಹೊಡೆದಿತ್ತು. "ಆ ಕಡೆ ಹೋಗಬ್ಯಾಡ, ಅವು ದೊಡ್ಡವರ ಪುಸ್ತಕ." ಐವತ್ತೆಂಟು ವರ್ಷದ ನನಗೆ! ಅಂಥವೂ ಅಲ್ಲಿ ರಾಶಿ ರಾಶಿ ಇವೆ, ಮುಚ್ಚಿಡುವುದೇನಿಲ್ಲ. ಅದೇ ಕಾರಣಕ್ಕೆ 1991ರಲ್ಲಿ ಮಕುಹಾರಿಯ ಸಭಾಂಗಣ ಕೈಕೊಟ್ಟಾಗ ಮೇಳ ಹಳೆಯ ಹಾರುಮಿ ಪ್ರದರ್ಶನ ಕೇಂದ್ರಕ್ಕೆ ಗಂಟುಮೂಟೆ ಕಟ್ಟಬೇಕಾಯಿತು. ಇನ್ನು ಬಹುಪಾಲು ಪುಸ್ತಕಗಳು ಬೇರೆಯವರ ಪಾತ್ರಗಳನ್ನು ಎತ್ತಿಕೊಂಡು ಬೆಳೆಸಿದವು. ಪ್ರಸಿದ್ಧ ಮಾಂಗಾದ ನಾಯಕ ಸತ್ತರೆ ಇಲ್ಲಿ ಬದುಕುತ್ತಾನೆ, ಅಲ್ಲಿ ಮಾತೇ ಆಡದ ಇಬ್ಬರು ಇಲ್ಲಿ ಮದುವೆಯಾಗುತ್ತಾರೆ. ಹಕ್ಕುಸ್ವಾಮ್ಯದ ಕಾನೂನು ಕಣ್ಣು ಕೆಂಪಗೆ ಮಾಡಿದರೆ ಇಡೀ ಸಭಾಂಗಣ ಅರ್ಧ ಖಾಲಿಯಾದೀತು. ಆದರೆ ಜಪಾನಿನಲ್ಲಿ ಇಂಥದಕ್ಕೆ ಮೂಲ ಲೇಖಕರೇ ದೂರು ಕೊಡಬೇಕು, ಅವರು ಸಾಮಾನ್ಯವಾಗಿ ಕೊಡುವುದಿಲ್ಲ. 2018ರಲ್ಲಿ ಕಾನೂನು ಬಿಗಿಯಾದಾಗಲೂ ಇಂಥ ಪುಸ್ತಕಗಳಿಗೆ ಆ ಬಿಗಿ ತಟ್ಟದಂತೆ ನೋಡಿಕೊಂಡರು. ಲೇಖಕರು ಯಾಕೆ ದೂರು ಕೊಡುವುದಿಲ್ಲ ಎಂದರೆ, ಅವರಲ್ಲಿ ಎಷ್ಟೋ ಜನ ಇದೇ ಮೇಜುಗಳ ಹಿಂದಿನಿಂದ ಎದ್ದು ಹೋದವರು. ಕ್ಲ್ಯಾಂಪ್ ಎಂಬ ಹೆಸರಾಂತ ಬಳಗ ಹೀಗೇ ಶುರುವಾದದ್ದು. ಆಟಗಳ ಲೋಕದಲ್ಲಿ ದೊಡ್ಡ ಹೆಸರಾದ ಟೈಪ್‌ಮೂನ್ ತಂಡ 'ತ್ಸುಕಿಹಿಮೆ'ಯನ್ನು ಮಾರಿದ್ದು 2000ದ ಚಳಿಗಾಲದ ಮೇಳದಲ್ಲಿ.

ಒಂದು ಗೋಡೆಯ ಬಳಿ ಉದ್ದ ಸಾಲು ಕಂಡು, ಏನೆಂದು ನೋಡಲು ಅದರ ಕೊನೆಗೆ ಹೋಗಿ ನಿಂತೆ. ಮುಂದಿದ್ದ ಹುಡುಗ ತನ್ನ ಕೈಯಲ್ಲಿದ್ದ ರಟ್ಟಿನ ಫಲಕವನ್ನು ತಲೆಬಾಗಿಸಿ ನನಗೆ ಒಪ್ಪಿಸಿದ. ಗಾಬರಿಯಾಯಿತು. ಸಾಲಿನ ಕೊನೆ ಇಲ್ಲಿ ಎಂದು ಬರೆದ ಫಲಕವದು. ಕಟ್ಟಕಡೆಗೆ ನಿಂತವರು ಅದನ್ನು ಎತ್ತಿ ಹಿಡಿಯಬೇಕು, ಮುಂದಿನವರು ಬಂದೊಡನೆ ದಾಟಿಸಬೇಕು. ಅರೆ ನಿಮಿಷವಷ್ಟೇ ನನ್ನ ಕೈಲಿತ್ತು, ಹಿಂದೆ ಬಂದ ಶಾಲಾ ಹುಡುಗಿ ನನ್ನಿಂದ ಅದನ್ನು ತೆಗೆದುಕೊಂಡು ಧನ್ಯವಾದ ಹೇಳಿದಳು. ಕಾವಲಿಗೆ ಯಾರನ್ನೂ ನಿಲ್ಲಿಸದೆ, ಸಾಲೇ ತನ್ನ ಬಾಲವನ್ನು ಹೊತ್ತುಕೊಂಡು ತಿರುಗುವ ಈ ವ್ಯವಸ್ಥೆ ಕಂಡು ನಾನು ಯಾವ ಪುಸ್ತಕಕ್ಕೆ ನಿಂತಿದ್ದೇನೆ ಎಂಬುದನ್ನೇ ಮರೆತೆ. ಕೊಂಡ ಮೇಲೆ ನೋಡಿದರೆ ಕತ್ತಿ ಹಿಡಿದ ಹುಡುಗಿಯರ ಚಿತ್ರಗಳು. ಚೆನ್ನಾಗಿವೆ.

ಸಿನಿಮಾದವರ ಓಣಿಯಲ್ಲಿ ಕಾಲು ತಾನೇ ನಿಂತಿತು. ನಮ್ಮ ದೇಶದ ಚಿತ್ರಗಳ ಮೇಲೆ ಪುಸ್ತಕ ಮಾಡಿದ ಒಬ್ಬಾಕೆ, ಮೀಸೆ ಹೊತ್ತ ನಾಯಕರ ಚಿತ್ರಗಳನ್ನು ಹರವಿಕೊಂಡು ಕೂತಿದ್ದಳು. 1998ರಲ್ಲಿ ರಜನಿಕಾಂತರ 'ಮುತ್ತು' ಹುಟ್ಟಿಸಿದ ಹುಚ್ಚು ಅಲ್ಲಿ 'ಆರ್‌ಆರ್‌ಆರ್' ಬಂದಮೇಲೆ ಮತ್ತೆ ಕೆರಳಿದೆ. 'ಕೆಜಿಎಫ್'ನ ಎರಡೂ ಭಾಗ 2023ರ ಜುಲೈನಲ್ಲಿ ಜಪಾನಿನ ಥಿಯೇಟರುಗಳಿಗೆ ಬಂದಿದ್ದವು, '777 ಚಾರ್ಲಿ' ಆಗಷ್ಟೇ ಓಡುತ್ತಿತ್ತು. ನಾನು ಎದೆಗೆ ಕೈಯಿಟ್ಟು "ಕರ್ನಾಟಕ" ಎಂದೆ. ಆಕೆ ಕುರ್ಚಿಯಿಂದೆದ್ದಳು! ಕಾಗದ, ಪೆನ್ನು, ಫೋನಿನ ಅನುವಾದ ಎಲ್ಲ ಬಳಸಿ ನಮ್ಮ ಸಂಭಾಷಣೆ. ತೆರೆಯ ಮೇಲೆ 'ಕೆಜಿಎಫ್'ನ ರಾಕಿ ಬರುವಾಗ ನಿಮ್ಮೂರ ಥಿಯೇಟರಿನಲ್ಲಿ ಸಿಳ್ಳೆ ಹೊಡೆಯುತ್ತಾರಂತೆ, ನಿಜವೇ? ನಿಜ ಎಂದೆ. ಕಾಗದದ ಚೂರು ತೂರುತ್ತಾರಂತೆ? ತೂರುತ್ತಾರೆ. ಅವರಲ್ಲೂ ಮಸಾಲಾ ಪ್ರದರ್ಶನಗಳೆಂದು ನಡೆಯುತ್ತವೆ, ಕೂಗಬಹುದು, ಕುಣಿಯಬಹುದು, ಬಣ್ಣದ ಚೂರು ತೂರಬಹುದು. ಸಿನಿಮಾ ಮುಗಿದ ಮೇಲೆ ತೂರಿದವರೇ ಬಗ್ಗಿ ಹೆಕ್ಕಿ ಚೀಲಕ್ಕೆ ತುಂಬುತ್ತಾರೆ. ನೀವೂ ಹಾಗೇ ಮಾಡುತ್ತೀರಾ ಎಂದು ಫೋನಿನಲ್ಲಿ ಕೇಳಿದಳು. ನಾನು ಆ ಪ್ರಶ್ನೆ ತಿಳಿಯದವಳಂತೆ ಪುಸ್ತಕ ಕೊಂಡು ಮುಂದೆ ಹೋದೆ.

ವೇಷಧಾರಿಗಳು ತೆರೆದ ತಾರಸಿಯಲ್ಲಿದ್ದರು. ಮನೆಯಿಂದ ವೇಷ ಹಾಕಿಕೊಂಡು ಬರುವಂತಿಲ್ಲ, ಅಲ್ಲಿಯೇ ಕೋಣೆಯಲ್ಲಿ ಬದಲಿಸಬೇಕು. ಒಬ್ಬೊಬ್ಬರ ಸುತ್ತ ಕ್ಯಾಮರಾದವರ ವೃತ್ತ, ಇಷ್ಟು ಹೊತ್ತೆಂದು ಯಾರೋ ಜೋರಾಗಿ ಎಣಿಸುತ್ತಾರೆ, ಸೊನ್ನೆಗೆ ಬಂದೊಡನೆ ಎಲ್ಲರೂ ವಂದಿಸಿ ಚದುರುತ್ತಾರೆ. ನಾನು ನಿಂತು ನೋಡಿದ್ದು ಒಂದು ಯಂತ್ರಮಾನವನನ್ನು. ಫೋಮು ಹಾಳೆ ಕತ್ತರಿಸಿ ಮಾಡಿದ ಕವಚ, ಭುಜದ ಮೇಲೆ ರೆಕ್ಕೆ, ತಿರುಪುಗಳಿಗೆಲ್ಲ ತುಕ್ಕಿನ ಬಣ್ಣ ಸಹ ಬಳಿದಿತ್ತು. ಆ ಬಿಸಿಲಿನಲ್ಲಿ! ಎಣಿಕೆ ಮುಗಿಯುತ್ತಲೇ ಗೆಳೆಯನೊಬ್ಬ ಓಡಿಬಂದು ಎದೆಯ ಮುಚ್ಚಳ ತೆಗೆದು ಒಳಗೆ ಫ್ಯಾನು ಹಿಡಿದ, ಇನ್ನೊಬ್ಬ ಮುಖವಾಡದ ಸಂದಿಯಿಂದ ಹೀರುಗೊಳವೆ ತೂರಿಸಿದ. ಬಾಟಲಿಯ ನೀರು ಸರಸರ ಇಳಿಯಿತು. ಮತ್ತೆ ಮುಚ್ಚಳ ಬಿತ್ತು, ಎಣಿಕೆ ಶುರುವಾಯಿತು. ನಾನೂ ನನ್ನ ಟೊಪ್ಪಿಗೆ ಸರಿಮಾಡಿಕೊಂಡೆ.

ಒಳಗಿನ ಸೆಕೆಯ ಬಗ್ಗೆ ಒಂದು ಮಾತು. ಜನರ ಬೆವರಿನ ಹಬೆ ಮೇಲೇರಿ ಚಾವಣಿಯ ಕೆಳಗೆ ಮೋಡ ಕಟ್ಟಿದ್ದನ್ನು 2013ರ ಬೇಸಿಗೆಯಲ್ಲಿ ಜನ ಫೋಟೊ ಹಿಡಿದರು, ಆ ಸಲ ಮೂರು ದಿನಕ್ಕೆ 5,90,000 ಜನ ಬಂದಿದ್ದರು. ಅದಕ್ಕೆ ಮೇಳದ ಮೊಟಕು ಹೆಸರನ್ನೇ ಇಟ್ಟಿದ್ದಾರೆ, ಕೊಮಿಕೆ ಮೋಡ. ನಾನು ಹಲವು ಸಲ ಮೇಲೆ ನೋಡಿದೆ. ಮೋಡ ಕಟ್ಟುವಷ್ಟು ಜನ ಈಗ ಬರುವುದಿಲ್ಲವಂತೆ. ನನಗೆ ಸ್ವಲ್ಪ ಬೇಜಾರೇ ಆಯಿತು.

ಸಂಜೆ ನಾಲ್ಕಕ್ಕೆ ಮತ್ತೆ ಧ್ವನಿವರ್ಧಕ, ಮತ್ತೆ ಚಪ್ಪಾಳೆ, ಈ ಸಲ ಬೆಳಗಿನದಕ್ಕಿಂತ ಉದ್ದ. ನಾನೂ ಅಂಗೈ ಕೆಂಪಾಗುವಷ್ಟು ತಟ್ಟಿದೆ, ಯಾರಿಗೆಂದು ಕೇಳಬೇಕೆನ್ನಿಸಲಿಲ್ಲ. ಬಳಿಕ ಯಾರೂ ಹೇಳದೆಯೇ ಎಲ್ಲರೂ ಕುರ್ಚಿ ಮಡಚತೊಡಗಿದರು. ನಲ್ಲಿಯ ಹಿರಿಯರು ನಮ್ಮ ಮೇಜಿನ ಇನ್ನೊಂದು ತುದಿ ಹಿಡಿದರು. ಅವರ ಪುಸ್ತಕ ಹನ್ನೊಂದು ಹೋಗಿದ್ದವು, ಕಳೆದ ಸಲ ಒಂಬತ್ತಂತೆ, ಮುಖದಲ್ಲಿ ಜಯ. ನಾವು ಅಚ್ಚು ಹಾಕಿಸಿದ್ದ 80ರಲ್ಲಿ 52 ಹೋಗಿದ್ದವು. ಉಳಿದವನ್ನು ಕೊರಿಯರ್ ಕೌಂಟರಿಗೆ ಕೊಟ್ಟು, ಚಿಲ್ಲರೆಯ ಡಬ್ಬಿಯನ್ನು ನಾನು ಹೊತ್ತೆ.

ರೈಲಿನಲ್ಲಿ ಲೆಕ್ಕ ಹಾಕಿದೆವು. ಅಚ್ಚಿನ ಖರ್ಚು, ಜಾಗದ ಬಾಡಿಗೆ, ತಿಂದ ದೋಸೆಗಳ ಬಿಲ್ಲು ಎಲ್ಲ ಕೂಡಿಸಿದರೆ ನಷ್ಟ. "ಎಷ್ಟು ಹೋತವಾ?" ಎಂದೆ. ಆಕೆ ಆ ಕಾಗದ ಮಡಚಿ ಒಳಗಿಟ್ಟು ಇನ್ನೊಂದನ್ನು ತೆಗೆದಳು, ಚಳಿಗಾಲದ ಮೇಳದ ಅರ್ಜಿ. ಗೆಳತಿ ಆಗಲೇ ಪೆನ್ನು ಹಿಡಿದು ಕಾಯುತ್ತಿದ್ದಳು.

"ಚಿಗವ್ವ, ಮುಂದಿನ ಪುಸ್ತಕ ರೊಟ್ಟಿ ಮ್ಯಾಲ. ಜ್ವಾಳದ ಹಿಟ್ಟು ಇಲ್ಲಿ ಸಿಗತೈತಿ, ಬಡಿಯೂದ ನಮಗ ಬರಾಂಗಿಲ್ಲ. ನೀ ಬಡಿ, ಈಕಿ ಚಿತ್ರಾ ತಗಿತಾಳ."

"ಡಿಸೆಂಬರಿಗೆ ನಾ ಇಲ್ಲಿರತೀನೇನು?"

"ಅದಕ್ಕ ಇವತ್ತ ರಾತ್ರಿನ ಬಡಿ."